ಅಟ್ಟ ಮತ್ತು ಅತಿಶಯೋಕ್ತಿ: ಗೃಹವಿಕ್ರಯದ ಜಾಹೀರಾತನ್ನು ಕುರಿತು ಒಂದು ವಿಮರ್ಶೆ

ಕಾವ್ಯ ನಾಟಕಗಳಂತೆ ಗೃಹವಿಕ್ರಯದ ಜಾಹೀರಾತನ್ನೂ ವಿಮರ್ಶೆಗೆ ಒಳಪಡಿಸಬಹುದೆ ಎಂಬ ಸಂದೇಹ ಓದುಗರಲ್ಲಿ ಉದ್ಭವಿಸುವುದು ಸಹಜ. ಆದರೆ ಜನರು ಓದಿ ನಂಬುವ, ನಂಬಿ ಜೀವಮಾನದ ಉಳಿತಾಯವನ್ನು ತೆರುವ ಗದ್ಯವು ಸಾಹಿತ್ಯ ವಿದ್ಯಾರ್ಥಿಯ ಅವಗಾಹನೆಗೆ ಅನರ್ಹವೆನ್ನುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ.

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವ ಊರು ಬಾತಿ. ಅಲ್ಲಿ ಕೆರೆಯಿದೆ, ಗುಡ್ಡವಿದೆ. ಎರಡು ಪಟ್ಟಣಗಳಿಗೂ ನಗರಾಭಿವೃದ್ಧಿ ಪ್ರಾಧಿಕಾರ ಒಂದೇ. ಪಟ್ಟಣಗಳು ಪರಸ್ಪರ ಕೈಚಾಚಿ ಬೆಳೆಯುತ್ತಿರಲು, ನಡುವಣ ಹೊಲ ಗದ್ದೆಗಳು ನಿವೇಶನಗಳಾಗುತ್ತಿವೆ. ಇಂತಹ ದಾರಿಗಳ ಇಕ್ಕೆಲದ ಫಲಕಗಳಲ್ಲಿಯೂ ಮಹಾನಗರದ ಪತ್ರಿಕೆಗಳಲ್ಲಿಯೂ ಕಾಣುವ ಭಾಷೆ ಈಗ ಹೆಚ್ಚುಕಡಿಮೆ ಒಂದೇ ಬಗೆಯದು. ‘ಐಷಾರಾಮಿ’, ‘ಚೈತನ್ಯಪೂರ್ಣ ಪರಿಸರ’, ‘ನಗರದ ಹೃದಯಭಾಗ’ ಎಂಬ ನುಡಿಗಳು ಆ ಭಾಷೆಯ ಸ್ಥಾಯೀ ಪದಗಳು. ಅವುಗಳ ಸಾಲಿಗೆ ಬೆಂಗಳೂರಿನಂತಹ ನಗರಗಳಲ್ಲಿ ಸೇರಿರುವ ಹೊಸ ಪದ ‘ಲಾಫ್ಟ್’.

ಈ ಪದದ ಚರಿತ್ರೆಯನ್ನು ಮೊದಲು ಪರಿಶೀಲಿಸೋಣ. ಪ್ರಾಚೀನ ನಾರ್ಸ್ ಭಾಷೆಯಲ್ಲಿ ಇದರ ಮೂಲರೂಪಕ್ಕೆ ಗಾಳಿ, ಆಕಾಶ, ಮೇಲಿನ ಕೋಣೆ ಎಂಬ ಅರ್ಥಗಳಿದ್ದವು. ನ್ಯೂಯಾರ್ಕ್ ನಗರದ ಸೋಹೋ ಪ್ರದೇಶದಲ್ಲಿ ಕಾರ್ಖಾನೆಗಳು ತೆರವು ಮಾಡಿದ ವಿಶಾಲ ಅಂತಸ್ತುಗಳನ್ನು 1950-60ರ ದಶಕಗಳಲ್ಲಿ ಬಡ ಚಿತ್ರಕಾರರೂ ಶಿಲ್ಪಿಗಳೂ ಅಗ್ಗದ ಬಾಡಿಗೆಗೆ ಹಿಡಿದರು. ಎತ್ತರದ ಸೂರು, ದೊಡ್ಡ ಕಿಟಕಿಗಳು ಅವರ ಕೆಲಸಕ್ಕೆ ಅನುಕೂಲವಾದವು. ಅಲ್ಲಿ ಕಲಾವಿದರ ವಾಸಕ್ಕೆ ನಗರಾಡಳಿತವು ಸಮ್ಮತಿಯಿತ್ತದ್ದು 1971ರಲ್ಲಿ. ಕ್ರಮೇಣ ಶ್ರೀಮಂತರು ಬಂದರು, ಬಾಡಿಗೆ ಏರಿತು, ಅನೇಕ ಕಲಾವಿದರು ಹೊರಟರು. ಬಡತನದ ಉಪಾಯವಾಗಿದ್ದುದು ಸಿರಿತನದ ಲಾಂಛನವಾಯಿತು. ಹತ್ತಿಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿದ್ದ ದಾವಣಗೆರೆಯಲ್ಲಿ, ನಿಂತುಹೋದ ಗಿರಣಿಯೊಂದರ ಅಂತಸ್ತನ್ನು ಮನೆಯಾಗಿಸಿದರೆ ಆ ಹೆಸರಿಗೆ ನ್ಯಾಯ ದೊರೆತೀತು. ಹೊಸದಾಗಿ ಕಟ್ಟಿದ ಕಟ್ಟಡಕ್ಕೆ ಅದೇ ಹೆಸರನ್ನಿಟ್ಟಾಗ ಚರಿತ್ರೆ ಕಳಚಿ ಬಿದ್ದು ಬೆಲೆಯೊಂದೇ ಉಳಿಯುತ್ತದೆ.

ನಮ್ಮ ‘ಅಟ್ಟ’ದ ಕಥೆಯೂ ಗಮನಾರ್ಹ. ಸಂಸ್ಕೃತದ ‘ಅಟ್ಟ’, ‘ಅಟ್ಟಾಲ’ಗಳಿಗೆ ಉಪ್ಪರಿಗೆ, ಬುರುಜು ಎಂಬ ಅರ್ಥಗಳುಂಟು. ಕನ್ನಡ ಮನೆಯ ಅಟ್ಟವಾದರೋ ಕುಂಬಳಕಾಯಿ, ಕಟ್ಟಿಗೆ, ಹಬ್ಬಕ್ಕೊಮ್ಮೆ ಇಳಿಯುವ ಹಿತ್ತಾಳೆಯ ಪಾತ್ರೆಗಳ ತಾಣ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ‘ಲಾಫ್ಟ್’ ಪದಕ್ಕೆ ಕೊಡುವ ಅರ್ಥವೂ ಇದಕ್ಕೆ ಸಮೀಪವಾದುದೇ: ಸಾಮಾನು ಇರಿಸಲು ಮಾಡಿದ, ಗರಿಷ್ಠ 1.5 ಮೀಟರ್ ಎತ್ತರದ ನಡುವಣ ಅಂತಸ್ತು. ಸಾಧಾರಣ ಎತ್ತರದ ಮನುಷ್ಯನು ಅದರಲ್ಲಿ ನೆಟ್ಟಗೆ ನಿಲ್ಲಲಾರ. ಒಂದೇ ಪದವು ಸಂಹಿತೆಯಲ್ಲಿ ಪಾತ್ರೆಯ ಸ್ಥಳವನ್ನೂ ಜಾಹೀರಾತಿನಲ್ಲಿ ವಿಲಾಸದ ವಾಸವನ್ನೂ ಸೂಚಿಸುತ್ತಿದೆ. ‘ಹೊಗಳಿ ಅಟ್ಟಕ್ಕೇರಿಸು’ ಎಂಬ ನಮ್ಮ ನುಡಿಗಟ್ಟು ಇಲ್ಲಿ ಅಟ್ಟಕ್ಕೇ ಅನ್ವಯವಾಗಿರುವುದು ವಿನೋದಕರ.

ಹೊಗಳಿಕೆಯನ್ನೇ ನಾವು ದೋಷವೆನ್ನುತ್ತಿಲ್ಲ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಅಲ್ಲಿ ಮುಗಿಲು ಮುಟ್ಟುವ ಮಾಡಗಳನ್ನು ಕಂಡು ಯಾರೂ ಕವಿಯ ಮೇಲೆ ದಾವೆ ಹೂಡಲಿಲ್ಲ. ಏಕೆಂದರೆ ಆ ಮನೆ ಮಾರಾಟಕ್ಕಿರಲಿಲ್ಲ. ಎಲ್ಲಿ ಕೊಡುಕೊಳೆಯಿದೆಯೋ ಅಲ್ಲಿ ಪೂರ್ವಿಕರು ಬೇರೆ ರೀತಿಯನ್ನು ಅನುಸರಿಸಿದರು. ಇದಕ್ಕೆ ನಿದರ್ಶನ ದಾನಶಾಸನಗಳು. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಆವರಣದಲ್ಲಿ ಅನೇಕ ಶಾಸನಗಳಿವೆ. ಅಂತಹ ಶಾಸನಗಳ ಸಾಮಾನ್ಯ ರಚನೆ ವಿದ್ಯಾರ್ಥಿಗಳಿಗೆ ಪರಿಚಿತವೇ. ಮೊದಲು ಪ್ರಶಸ್ತಿಭಾಗ, ಅಲ್ಲಿ ಅರಸನು ಸಿಂಹ, ಸೂರ್ಯ, ಸಮುದ್ರ ಎಲ್ಲವೂ ಆಗಬಹುದು. ದತ್ತಿಯ ಭಾಗಕ್ಕೆ ಬಂದೊಡನೆ ಭಾಷೆ ನೆಲಕ್ಕಿಳಿಯುತ್ತದೆ: ಮೂಡಣಕ್ಕೆ ಇಂತಹ ಕಲ್ಲು, ತೆಂಕಣಕ್ಕೆ ಇಂತಹ ಕೆರೆ, ಅಳತೆ ಇಷ್ಟು ಮತ್ತರು. ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲ ಭಾಗದಲ್ಲಿ ಅತಿಶಯೋಕ್ತಿ, ಎರಡನೆಯದರಲ್ಲಿ ಸ್ವಭಾವೋಕ್ತಿ. ಒಂದೇ ಕಲ್ಲಿನ ಮೇಲೆ ಇದ್ದರೂ ಅವು ಒಂದರೊಳಗೊಂದು ಬೆರೆಯುವುದಿಲ್ಲ. ಇದು ಔಚಿತ್ಯಪ್ರಜ್ಞೆ.

ಇಂದಿನ ಜಾಹೀರಾತು ಮಾಡುವುದು ಈ ಬೆರಕೆಯನ್ನೇ. ಎಲ್ಲೆ ಹೇಳಬೇಕಾದಲ್ಲಿ ಅದು ಪ್ರಶಸ್ತಿಯನ್ನು ಹಾಡುತ್ತದೆ. ದೂರವನ್ನು ಅಳತೆಯಿಂದ ಹೇಳದೆ ‘ಕೆಲವೇ ನಿಮಿಷ’ ಎನ್ನುತ್ತದೆ. ಇದಕ್ಕೊಂದು ಕಾರಣವೂ ಇದೆ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆಯ 12ನೆಯ ಪ್ರಕರಣದಂತೆ, ಜಾಹೀರಾತಿನ ಸುಳ್ಳು ಹೇಳಿಕೆಯನ್ನು ನಂಬಿ ಮುಂಗಡ ಕೊಟ್ಟು ನಷ್ಟಪಟ್ಟವನಿಗೆ ಪರಿಹಾರವುಂಟು. ‘ಕಾರ್ಪೆಟ್ ವಿಸ್ತೀರ್ಣ’ವೆಂದರೆ ಬಳಕೆಗೆ ಒದಗುವ ನೆಲವೆಂದೂ, ಹೊರಗೋಡೆ, ಬಾಲ್ಕನಿ, ತೆರೆದ ಮಾಳಿಗೆ ಅದರಲ್ಲಿ ಸೇರವೆಂದೂ ಅದೇ ಕಾಯಿದೆ ವಿಧಿಸಿದೆ. ಅಂಕಿ ಸುಳ್ಳಾಗಬಲ್ಲದು, ಅದನ್ನು ಅಳೆದು ತೋರಿಸಬಹುದು. ‘ಚೈತನ್ಯಪೂರ್ಣ’ ಎಂಬ ವಿಶೇಷಣವನ್ನು ಯಾವ ಅಳತೆಗೋಲಿನಿಂದ ಅಳೆಯೋಣ? ಸುಳ್ಳಾಗಲಾರದ ಮಾತು ನಿಜವೂ ಆಗಲಾರದು. ವಿಶೇಷಣವು ಇಲ್ಲಿ ಅಲಂಕಾರವಲ್ಲ, ಹೊಣೆಯಿಂದ ತಪ್ಪಿಸಿಕೊಳ್ಳುವ ಹಾದಿ.

ಶಾಸನದ ರೀತಿ ಇನ್ನೂ ಅಳಿದಿಲ್ಲವೆಂಬುದು ಸಮಾಧಾನದ ಸಂಗತಿ. ಉಪನೋಂದಣಿ ಕಚೇರಿಯಲ್ಲಿ ದಾಖಲಾಗುವ ಕ್ರಯಪತ್ರದ ಚಕ್ಕುಬಂದಿಯಲ್ಲಿ ನಾಲ್ಕು ದಿಕ್ಕುಗಳೂ ನಾಲ್ಕು ಎಲ್ಲೆಗಳೂ ಇಂದಿಗೂ ಇವೆ. ಆದರೆ ಕೊಳ್ಳುವವನು ಜಾಹೀರಾತನ್ನು ಆಸಕ್ತಿಯಿಂದ ಓದುತ್ತಾನೆ, ಕ್ರಯಪತ್ರಕ್ಕೆ ಓದದೆ ರುಜು ಹಾಕುತ್ತಾನೆ. ಶಾಸನ ಓದುವುದನ್ನು ಕಲಿಸುವ ನಾವು ಈ ಎರಡು ಬರಹಗಳನ್ನೂ ತರಗತಿಯಲ್ಲಿ ಅಕ್ಕಪಕ್ಕದಲ್ಲಿಟ್ಟು ಓದಿಸಬೇಕು. ಯಾವ ವಾಕ್ಯ ಪ್ರಶಸ್ತಿ, ಯಾವ ವಾಕ್ಯ ದತ್ತಿ ಎಂಬುದನ್ನು ಬೇರ್ಪಡಿಸಬಲ್ಲ ವಿದ್ಯಾರ್ಥಿಯು ಮುಂದೆ ಬಾತಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಮನೆ ಕೊಳ್ಳಹೊರಟಾಗ, ಮೊದಲು ಅಟ್ಟದ ಎತ್ತರವೆಷ್ಟೆಂದು ಕೇಳಿಯಾನು.