ಹಾಳೆಯ ಮೇಲೆ ತೇಲುವ ಚಿತ್ರಗಳು

ತೊಗರಿ ರಾಶಿಯಾಗಿ ಮಾಲು ಪೇಟೆಗೆ ಬರುವ ಡಿಸೆಂಬರ್, ಜನವರಿಯಲ್ಲಿ ಸೇಡಂ, ಚಿತ್ತಾಪುರದ ಅಡತಿ ಅಂಗಡಿಗಳ ಲೆಕ್ಕದವರಿಗೆ ದಿನದ ಧಾರಣೆ ಬೇಕೇ ಬೇಕು. ಜಾಲತಾಣದ ಪಟ್ಟಿಯನ್ನು ಇದ್ದಹಾಗೇ ನಕಲು ಮಾಡಿ ಎಕ್ಸೆಲ್‌ಗೆ ಅಂಟಿಸಿದರೆ ಅಂಕಿಗಳ ಬೆನ್ನಿಗೆ ಲಾಂಛನ, ಬಾಣದ ಗುರುತು, ಚೆಕ್‌ಬಾಕ್ಸ್‌ಗಳೂ ಬಂದು ಕೂರುತ್ತವೆ. ಶಹಾಬಾದ್ ಕಲ್ಲಿನ ದರಪಟ್ಟಿಯಲ್ಲಿ ಹಾಸುಗಲ್ಲಿನ ಫೋಟೊಗಳಿದ್ದರೂ ಇದೇ ಪಾಡು.

ಇವು ಕೋಶದೊಳಗಿನ ಸರಕಲ್ಲ, ಹಾಳೆಯ ಮೇಲೆ ತೇಲುವಂಥವು. ಆದ್ದರಿಂದಲೇ ಅಂಕಿ ಅಳಿಸಿದರೂ ಚಿತ್ರ ಉಳಿಯುತ್ತದೆ. ಸಾಲು ನಕಲಿಸಿದರೆ ಅದೂ ನಕಲಾಗುತ್ತದೆ. ಕೋಶದ ಜೊತೆ ಹಿಗ್ಗಿ ಕುಗ್ಗುವಂತೆ ಹೊಂದಿಸಿದ ಚಿತ್ರವಾದರೆ, ಅದರಡಿಯ ಸಾಲು ತೆಗೆದಾಗ ಎತ್ತರ ಸೊನ್ನೆಯಾಗಿ ಕಣ್ಣಿಗೇ ಬೀಳದು. ಫೈಲಿನಲ್ಲಿ ಮಾತ್ರ ಇದ್ದೇ ಇರುತ್ತದೆ.

2007ರಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲು ನಿಜಕ್ಕೂ ಒಂದು ಜಿಪ್ ಕಟ್ಟು. ಅದರ ಒಂದು ನಕಲನ್ನು ಜಿಪ್ ಎಂದು ಹೆಸರು ಬದಲಿಸಿ ಬಿಚ್ಚಿದರೆ ‘ಮೀಡಿಯಾ’ ಕಡತಕೋಶದಲ್ಲಿ ಚಿತ್ರಗಳು, ‘ಡ್ರಾಯಿಂಗ್ಸ್’ನಲ್ಲಿ ಅವು ಕೂತ ಜಾಗಗಳ ವಿವರ ಸಿಗುತ್ತವೆ. ಚಿತ್ರ ಒಂದೇ ಆದರೂ ಸಾವಿರ ಕಡೆ ಕೂತರೆ ಸಾವಿರ ವಿವರ. ನಾಲ್ಕು ಕಾಲಮ್ಮಿನ ಧಾರಣೆ ಪಟ್ಟಿ ತೆರೆಯಲು ತಡವರಿಸುವುದಕ್ಕೆ ಇದೂ ಒಂದು ಕಾರಣ.

ಎಲ್ಲವನ್ನೂ ಒಮ್ಮೆಗೇ ತೆಗೆಯುವ ದಾರಿ ಸರಳ. ಎಫ್5 ಒತ್ತಿ, ‘ಸ್ಪೆಷಲ್’ಗೆ ಹೋಗಿ, ‘ಆಬ್ಜೆಕ್ಟ್ಸ್’ ಆರಿಸಿ ಓಕೆ ಎಂದರೆ ಆ ಹಾಳೆಯ ತೇಲುವ ವಸ್ತುಗಳೆಲ್ಲ ಆಯ್ಕೆಯಾಗುತ್ತವೆ. ಆಮೇಲೆ ಡಿಲೀಟ್. ಒಂದು ಚಿತ್ರದ ಮೇಲೆ ಕ್ಲಿಕ್ಕಿಸಿ ಕಂಟ್ರೋಲ್-ಎ ಒತ್ತಿದರೂ ಅಷ್ಟೇ. ಬೇರೆ ಹಾಳೆಗಳಿಗೆ ಇದು ತಾಗದು, ಒಂದೊಂದಕ್ಕೂ ಹೋಗಿ ಮಾಡಬೇಕು. ಹಾಳೆಗೆ ರಕ್ಷಣೆ ಹಾಕಿದ್ದರೆ ಮೊದಲು ಅದನ್ನು ತೆಗೆಯಬೇಕು.

ಆದರೆ ಡಿಲೀಟ್‌ಗೆ ಅವಸರ ಸಲ್ಲದು. ಅಂಗಡಿಯ ಮೊಹರಿನ ಚಿತ್ರ, ವರ್ಷದ ಬೆಲೆ ಏರಿಳಿತದ ಚಾರ್ಟು, ಮ್ಯಾಕ್ರೊ ಓಡಿಸುವ ಬಟನ್ನು ಇವೂ ಅದೇ ಗುಂಪಿನವು. ಕಸದ ಜೊತೆ ಹೋಗಿಬಿಡುತ್ತವೆ. ಆಲ್ಟ್-ಎಫ್10 ಒತ್ತಿದರೆ ಬದಿಯಲ್ಲಿ ತೆರೆಯುವ ‘ಸೆಲೆಕ್ಷನ್ ಪೇನ್’ ಇದಕ್ಕೇ ಇದೆ. ಕಣ್ಣಿಗೆ ಕಾಣದ ಸೊನ್ನೆ ಎತ್ತರದವೂ ಸೇರಿ ಪ್ರತಿಯೊಂದರ ಹೆಸರು ಅಲ್ಲಿದೆ. ಕಂಟ್ರೋಲ್ ಹಿಡಿದು ಬೇಡದ್ದನ್ನಷ್ಟೇ ಆರಿಸಬಹುದು. ಎಕ್ಸೆಲ್ ಬಲ್ಲವರ ಕೈಚಳಕ ಕಾಣುವುದು ಈ ಆಯ್ಕೆಯಲ್ಲೇ ಹೊರತು ಅಳಿಸುವ ವೇಗದಲ್ಲಲ್ಲ.

ನೂರಾರು ಹಾಳೆಗಳಿದ್ದರೆ ಮ್ಯಾಕ್ರೊ ಬರೆಯುವವರುಂಟು. ಅದು ಬೇಗ ಮುಗಿಸುತ್ತದೆ, ನಿಜ. ಆದರೆ ಕೈಯಿಂದ ಅಳಿಸಿದ್ದನ್ನು ಕಂಟ್ರೋಲ್-ಜೆಡ್ ಮರಳಿ ತರುತ್ತದೆ, ಮ್ಯಾಕ್ರೊ ಅಳಿಸಿದ್ದನ್ನು ತರುವುದಿಲ್ಲ. ಮೂಲ ಫೈಲಿನ ಒಂದು ನಕಲನ್ನು ಬೇರೆ ಇಟ್ಟುಕೊಂಡೇ ಮ್ಯಾಕ್ರೊ ಓಡಿಸಬೇಕು.

ಹೊಸ ಆವೃತ್ತಿಯಲ್ಲಿ ಚಿತ್ರವನ್ನು ಕೋಶದೊಳಗೇ ಇಡುವ ಸೌಲಭ್ಯವಿದೆ. ಅಂಥವು ‘ಆಬ್ಜೆಕ್ಟ್ಸ್’ ಬಲೆಗೆ ಬೀಳವು, ಅಂಕಿಯಂತೆ ಕೋಶದಿಂದಲೇ ಅಳಿಸಬೇಕು.

ನಾಳೆಯ ಧಾರಣೆ ಅಂಟಿಸುವಾಗ ಬಲ ಕ್ಲಿಕ್ಕಿಸಿ, ‘ಪೇಸ್ಟ್ ಸ್ಪೆಷಲ್’ನಲ್ಲಿ ‘ಟೆಕ್ಸ್ಟ್’ ಆರಿಸಿದರೆ ಅಂಕಿ, ಅಕ್ಷರಗಳಷ್ಟೇ ಒಳಗೆ ಬರುತ್ತವೆ.