ಮನೆಮಾತಿಗೆ ಒಂದು ಕಾಲಂ

ಅಮೆರಿಕದ ಓಹಾಯೋ ರಾಜ್ಯದಲ್ಲಿ ಹೋಮ್ಸ್ ಎಂಬ ಕೌಂಟಿಯಿದೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹ ಆಡಳಿತ ಘಟಕ. ಆದರೆ 2020ರ ಜನಗಣತಿಯಂತೆ ಇಲ್ಲಿದ್ದವರು ಸುಮಾರು 44 ಸಾವಿರ ಮಾತ್ರ. ಬೇಸಾಯ, ಹೈನುಗಾರಿಕೆ, ಮರಗೆಲಸದ ಈ ಹಳ್ಳಿಗಾಡಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಆಮಿಶ್ ಕ್ರೈಸ್ತರು. ಕುದುರೆಗಾಡಿಯಲ್ಲಿ ಓಡಾಡುವ ಇವರ ಮನೆಮಾತು ಪೆನ್ಸಿಲ್ವೇನಿಯಾ ಡಚ್. ಹೆಸರಷ್ಟೇ ಡಚ್, ಅದು ಹಾಲೆಂಡಿನದ್ದಲ್ಲ, ಜರ್ಮನ್‌ನ ಒಂದು ಆಡುಮಾತು. ಬೈಬಲ್ ಓದುವುದು ಗ್ರಾಂಥಿಕ ಜರ್ಮನ್‌ನಲ್ಲಿ, ಶಾಲೆಯ ಪಾಠ ಇಂಗ್ಲಿಷಿನಲ್ಲಿ. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂತಹ ಮನೆಗಳಿಗೆ ಅಲ್ಲಿನ ಸರಕಾರ ಮೂರು ಪ್ರಶ್ನೆ ಕೇಳುತ್ತದೆ. ಮನೆಯಲ್ಲಿ ಇಂಗ್ಲಿಷಲ್ಲದ ಭಾಷೆ ಮಾತಾಡುತ್ತೀರಾ? ಅದು ಯಾವುದು? ಇಂಗ್ಲಿಷನ್ನು ಎಷ್ಟು ಚೆನ್ನಾಗಿ ಮಾತಾಡುತ್ತೀರಿ: ತುಂಬಾ ಚೆನ್ನಾಗಿ, ಚೆನ್ನಾಗಿ, ಅಷ್ಟೇನೂ ಇಲ್ಲ, ಇಲ್ಲವೇ ಇಲ್ಲ? 1980ರ ಜನಗಣತಿಯಲ್ಲಿ ಬಂದ ಈ ಪ್ರಶ್ನೆಗಳನ್ನು ಈಗ ಅಮೆರಿಕನ್ ಕಮ್ಯೂನಿಟಿ ಸರ್ವೆ ಕೇಳುತ್ತಿದೆ. ಐದು ವರ್ಷ ತುಂಬಿದ ಎಲ್ಲರ ಲೆಕ್ಕವೂ ಇದರಲ್ಲಿ ಬರುತ್ತದೆ.

ನನ್ನ ಆಕ್ಷೇಪ ಮೂರನೆಯ ಪ್ರಶ್ನೆಯ ಬಗ್ಗೆ. ಪರೀಕ್ಷೆಯೇನೂ ಇಲ್ಲ, ಮನೆಯ ಒಬ್ಬರು ಎಲ್ಲರ ಪರವಾಗಿ ಗುರುತು ಹಾಕಿದರಾಯಿತು. ಸಂಕೋಚದ ರೈತನೊಬ್ಬ 'ಚೆನ್ನಾಗಿ' ಎಂದರೆ ಅವನು ಇಂಗ್ಲಿಷ್ ಸಾಲದವರ ಪಟ್ಟಿಗೆ ಸೇರುತ್ತಾನೆ! ಏಕೆಂದರೆ ಕೋಷ್ಟಕದಲ್ಲಿ ಪಾಸಾಗುವುದು 'ತುಂಬಾ ಚೆನ್ನಾಗಿ' ಒಂದೇ. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಐದರ ಹರೆಯದ ಆಮಿಶ್ ಮಗುವೂ ಅದೇ ಪಟ್ಟಿಯಲ್ಲಿ. ಆ ಮಗುವಿಗೆ ಇಂಗ್ಲಿಷ್ ಬಾರದಿರುವುದು ಕೊರತೆಯಲ್ಲ, ವಯಸ್ಸು. 1990ರಲ್ಲಂತೂ, ಹದಿನಾಲ್ಕು ದಾಟಿದ ಯಾರೊಬ್ಬರಿಗೂ ಇಂಗ್ಲಿಷ್ ತುಂಬಾ ಚೆನ್ನಾಗಿ ಬಾರದ ಮನೆಯನ್ನು 'ಭಾಷಿಕವಾಗಿ ಪ್ರತ್ಯೇಕಗೊಂಡ ಕುಟುಂಬ' ಎಂದು ಕರೆದರು. ಯಾರಿಂದ ಪ್ರತ್ಯೇಕ? ನೆರೆಮನೆ, ಆರಾಧನೆ, ಮದುವೆ ಎಲ್ಲವೂ ತಮ್ಮದೇ ಮಾತಿನಲ್ಲಿ ನಡೆಯುವವರನ್ನು ಹೀಗೆ ಕರೆಯುವುದು ವಿಚಿತ್ರ. ಮುಂದೆ ಆ ಹೆಸರನ್ನು ಬದಲಿಸಲಾಯಿತು.

ಹಾಗೆಂದು ಪ್ರಶ್ನೆಗಳೇ ಬೇಡ ಎನ್ನಲಾಗದು. 1975ರಲ್ಲಿ ಮತದಾನ ಹಕ್ಕು ಕಾಯ್ದೆಗೆ ತಂದ ತಿದ್ದುಪಡಿಯಂತೆ, ಯಾವ ಕೌಂಟಿಯಲ್ಲಿ ಯಾವ ಭಾಷೆಯ ಮತದಾರರಿಗೆ ನೆರವು ಸಿಗಬೇಕೆಂದು ತೀರ್ಮಾನಿಸುವುದು ಇವೇ ಅಂಕಿಗಳಿಂದ. ಅದರಲ್ಲೂ ಸ್ಪ್ಯಾನಿಷ್, ಏಷ್ಯನ್, ಅಮೆರಿಕದ ಮೂಲನಿವಾಸಿಗಳ ಭಾಷೆಗಳಿಗೆ ಮಾತ್ರ ಪ್ರವೇಶ. ಆಮಿಶರ ಜರ್ಮನ್ ಹೊರಗೆ, ಅರಬಿಯೂ ಹೊರಗೆ. ಇಂಗ್ಲಿಷ್ ಸಾಲದವರಿಗೆ ಸರಕಾರಿ ಸೇವೆ ತಲುಪಿಸಬೇಕೆಂದು ಕ್ಲಿಂಟನ್ 2000ದಲ್ಲಿ ಹೊರಡಿಸಿದ್ದ ಆದೇಶವನ್ನು 2025ರ ಮಾರ್ಚ್ 1ರಂದು ಟ್ರಂಪ್ ರದ್ದುಗೊಳಿಸಿ, ಇಂಗ್ಲಿಷೇ ಅಧಿಕೃತ ಭಾಷೆ ಎಂದು ಸಾರಿದರು. ಮತದಾನದ ನೆರವು ಶಾಸನದಲ್ಲೇ ಇದ್ದುದರಿಂದ ಅದಕ್ಕೆ ಆ ಆದೇಶ ತಾಗಲಿಲ್ಲ.

ಮನೆಮಾತನ್ನು ಎಷ್ಟು ಚೆನ್ನಾಗಿ ಬಲ್ಲಿರಿ ಎಂಬ ನಾಲ್ಕನೆಯ ಪ್ರಶ್ನೆ ಮಾತ್ರ ಆ ಹಾಳೆಯಲ್ಲಿಲ್ಲ. ಅರಿಝೋನಾದ ಅಪಾಚಿ ಕೌಂಟಿಯಲ್ಲಿ ನವಾಹೋ ಭಾಷೆಯಲ್ಲೇ ಬದುಕಿದ ಅಜ್ಜಿಗೂ, ಅದರಲ್ಲಿ ನಾಲ್ಕು ಮಾತಷ್ಟೇ ಆಡಬಲ್ಲ ಮೊಮ್ಮಗನಿಗೂ ಎರಡನೆಯ ಕಾಲಂನಲ್ಲಿ ಒಂದೇ ಉತ್ತರ: ನವಾಹೋ.