‘ಮೋಹನಸ್ವಾಮಿ’ಯೂ ಮದುವೆಯ ಪ್ರಶ್ನೆಯೂ

ಸಲಿಂಗ ವಿವಾಹಕ್ಕೆ ಜನಾನುಮೋದನೆ ಹೆಚ್ಚುತ್ತಿದೆಯೆಂಬುದು ಈಗ ಬರಿಯ ಊಹೆಯಲ್ಲ. ಅಮೆರಿಕದ ಪ್ಯೂ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ನೂರಕ್ಕೆ 53 ಮಂದಿ ಅದಕ್ಕೆ ಸಮ್ಮತಿಸಿದ್ದರು. ಅದಕ್ಕೂ ಮುನ್ನ, 2022ರಲ್ಲಿ, ನಮ್ಮ ಮಹಾರಾಷ್ಟ್ರದ ಸಂಸತ್ಸದಸ್ಯೆ ಸುಪ್ರಿಯಾ ಸುಳೆಯವರು 1954ರ ವಿಶೇಷ ವಿವಾಹ ಕಾಯಿದೆಯನ್ನು ಇದಕ್ಕಾಗಿ ತಿದ್ದಬೇಕೆಂದು ಲೋಕಸಭೆಯಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಆದರೆ 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಅಂಥ ಮದುವೆಗೆ ಮನ್ನಣೆ ನೀಡಲೊಪ್ಪದೆ ವಿಷಯವನ್ನು ಶಾಸನಕರ್ತರಿಗೆ ಬಿಟ್ಟಿತು. ಪುನರ್ವಿಮರ್ಶೆಯ ಅರ್ಜಿಗಳೂ 2025ರ ಜನವರಿಯಲ್ಲಿ ತಿರಸ್ಕೃತವಾದವು. ಹೀಗಿರುವಾಗ ನಮ್ಮ ಸಾಹಿತ್ಯವು ಈ ಪ್ರಶ್ನೆಯನ್ನು ಹೇಗೆ ಕಂಡಿದೆಯೆಂದು ವಿಚಾರಿಸುವುದು ಉಚಿತ.

ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವು ಬೆಳಕು ಕಂಡದ್ದು 2013ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯವು ಸಲಿಂಗ ಸಂಬಂಧವನ್ನು ಮರಳಿ ಅಪರಾಧವೆಂದಿತು. ಆ ಕಳಂಕ ತೊಡೆದುಹೋದದ್ದು 2018ರ ಸೆಪ್ಟೆಂಬರ್ 6ರಂದು. ಆದುದರಿಂದ ಈ ಕತೆಗಳಲ್ಲಿ ವಿವಾಹದ ಹಕ್ಕಿನ ಘೋಷಣೆಯನ್ನು ಹುಡುಕುವುದು ಸಲ್ಲದು. ಇಲ್ಲಿ ಮದುವೆಯು ಎದುರಾಳಿಯಾಗಿಯೇ ಬರುತ್ತದೆ. ಮೋಹನಸ್ವಾಮಿಯ ಒಲವಿನ ಕಾರ್ತಿಕ್ ಹೆಣ್ಣೊಬ್ಬಳನ್ನು ವರಿಸಲು ಹೊರಡುತ್ತಾನೆ. ಲೋಕಕ್ಕೆ ಅದು ಶುಭಕಾರ್ಯ, ಇವನೊಬ್ಬನಿಗೆ ವಿಯೋಗ. ದಾಂಪತ್ಯ ಮುರಿದರೆ ಸಮಾಧಾನ ಹೇಳಲು ಬಂಧುಗಳು ಬರುತ್ತಾರೆ; ಇವನ ಸಂಬಂಧಕ್ಕೆ ಹೆಸರೇ ಇಲ್ಲದುದರಿಂದ ಇವನ ದುಃಖವನ್ನು ಕೇಳುವವರೂ ಇಲ್ಲ. ಮದುವೆಯು ಕೂಡುವ ಸುಖಕ್ಕೆ ಹೇಗೋ ಹಾಗೆ ಅಗಲುವ ನೋವಿಗೂ ಸಾಕ್ಷಿಯೆಂಬ ಸತ್ಯವನ್ನು ಕತೆಗಾರರು ವಾದಕ್ಕಿಳಿಯದೆ ಕಾಣಿಸಿದ್ದಾರೆ. ಕೃತಿಯ ಹಿರಿಮೆ ಇಲ್ಲಿದೆ.

ಮರಾಠಿಯನ್ನೂ ಓದಬಲ್ಲ ಉಮರ್ಗಾ, ನಿಲಂಗಾ, ಉದಗೀರದ ವಾಚಕರಿಗೆ ವಿಜಯ ತೆಂಡೂಲ್ಕರರ ‘ಮಿತ್ರಾಚಿ ಗೋಷ್ಟ’ ನೆನಪಾಗದಿರದು. 1981ರಲ್ಲಿ ರಂಗಕ್ಕೆ ಬಂದ ಆ ನಾಟಕದ ಮಿತ್ರಾ ಹೆಣ್ಣೊಬ್ಬಳನ್ನು ಪ್ರೀತಿಸಿ, ಕಡೆಗೆ ತಾನೇ ಪ್ರಾಣ ಕಳೆದುಕೊಳ್ಳುತ್ತಾಳೆ. ಮೋಹನಸ್ವಾಮಿ ಅಗಲಿಕೆಯನ್ನು ಹೊತ್ತು ಬದುಕುತ್ತಾನೆ. ದುರಂತದ ತೀವ್ರತೆ ನಾಟಕದಲ್ಲಿ ಹೆಚ್ಚು. ಆದರೆ ದಿನನಿತ್ಯದ ಬಾಳುವೆಯಲ್ಲಿ ಇಂಥವರ ಪಾಡೇನೆಂಬುದು ಕತೆಗಳಲ್ಲಿಯೇ ಸ್ಪಷ್ಟ.

ಕೊರತೆಯೊಂದುಂಟು. ಕಾರ್ತಿಕನ ಕೈಹಿಡಿದವಳು ನೆರಳಿನಲ್ಲಿಯೇ ಉಳಿಯುತ್ತಾಳೆ. ಎಲ್ಲರನ್ನೂ ಒಂದೇ ಬಾಗಿಲಿನಿಂದ ಒಳನೂಕುವ ಪದ್ಧತಿಯಿಂದ ಅವಳಂಥವರಿಗೂ ಅನ್ಯಾಯವಾಗುತ್ತದೆ. ಆಕೆಯ ಮನಸ್ಸನ್ನೂ ತೆರೆದಿದ್ದರೆ ಚಿತ್ರ ಪೂರ್ಣವಾಗುತ್ತಿತ್ತು.

ನಮ್ಮ ನೆರೆಯ ಬಸವಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಹರಳಯ್ಯ ಮಧುವರಸರು ತಮ್ಮ ಮಕ್ಕಳ ಮದುವೆಗಾಗಿ ಪ್ರಾಣ ತೆತ್ತರೆಂದು ಪರಂಪರೆ ಹೇಳುತ್ತದೆ. ಅಲ್ಲಿ ಅಡ್ಡ ಬಂದದ್ದು ಜಾತಿ, ಇಲ್ಲಿ ಲಿಂಗ. ಎರಡನ್ನೂ ಒಂದೆನ್ನಲಾಗದು. ಆದರೂ ಯಾರು ಯಾರನ್ನು ವರಿಸಬಹುದೆಂಬ ಕಟ್ಟಳೆ ಬದಲಾಗಬಲ್ಲುದೆಂಬುದನ್ನು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಶಾಸನವನ್ನು ತಿದ್ದುವುದು ಸಂಸತ್ತಿನ ಹೊಣೆ. ತೀರ್ಪು ಹೇಳುವ ಮುನ್ನ ಇನ್ನೊಬ್ಬರ ಸಂಕಟವನ್ನು ಅರಿಯುವುದು ನಮ್ಮ ಹೊಣೆ. ಅದಕ್ಕೆ ಈ ಸಂಕಲನವು ನೆರವಾಗುತ್ತದೆ. ಸಹೃದಯರು ಓದಿ ಪರಾಮರ್ಶಿಸಬೇಕು.